ಹತ್ತು ಗಂಟೆಯ ತನಕ ಮೌನ

ಹೊಲಿಗೆ ಮಿಷಿನ್ನಿನ ಸೂಜಿ ಬೆರಳಿಗೆ ಹೊಕ್ಕಿದ್ದರಿಂದ ಟೈಲರಮ್ಮ ಬೆಳಗ್ಗೆ ಕ್ಲಿನಿಕ್ಕಿನ ಬೆಂಚು ಹಿಡಿದಿದ್ದಳು. ಪಕ್ಕದಲ್ಲಿ ಊರಾಚೆಯ ತೋಟದಲ್ಲಿ ಯೋಗ ಶಿಬಿರ ನಡೆಸುವ ಮೇಷ್ಟ್ರು ಮೂಗಿಗೆ ಹತ್ತಿ ತುರುಕಿಕೊಂಡು ಕೂತಿದ್ದರು. ಎದುರಿಗೆ ಅವರ ಭಾಮೈದ, ಗೆಣ್ಣು ಒಡೆದ ಕೈಯನ್ನು ಮಡಿಲಲ್ಲಿಟ್ಟುಕೊಂಡು. ಒಳಗೆ ಮೇಷ್ಟ್ರ ಹೆಂಡತಿಯ ಹುಬ್ಬಿಗೆ ಹೊಲಿಗೆ ಹಾಕುತ್ತಿದ್ದರು.

“ಡಾಕ್ಟ್ರು ಕೇಳಿದ್ರೆ, ಚಾಪೆ ಎಡವಿ ಬಿದ್ಲು ಅನ್ನು.”

“ಗಂಟೆ ಬಾರಿಸೋ ಕೊಡತೀಲಿ ನೀವು ಹೊಡೆದಿದ್ದನ್ನ ಕಣ್ಣಾರೆ ನೋಡಿದೀನಿ, ಭಾವ.”

“ಮೆಲ್ಲಗೆ ಮಾತಾಡು. ಹತ್ತು ಗಂಟೆ ತನಕ ಮೌನ ಅನ್ನೋದು ಶಿಬಿರದ ನಿಯಮ. ಅಡುಗೆಮನೇಲಿ ಪಾತ್ರೆ ಬೀಳಿಸಿದ್ಲು.”

“ಅದಕ್ಕೆ?”

“ಮೂವತ್ತು ಜನ ಶವಾಸನದಲ್ಲಿ ಮಲಗಿದ್ರು ಕಣೋ! ಎಲ್ಲರ ಶಾಂತಿ ಹಾಳಾಯ್ತು.”

“ನಮ್ಮಕ್ಕನ ರಕ್ತ ನೆಲದ ಮೇಲೆಲ್ಲ ಹರೀತಿತ್ತು. ಬರೀ ಮೂಗು ಮುರಿದು ಬಿಟ್ಟೆನಲ್ಲ, ನಿಮ್ಮ ಹಲ್ಲೂ ಉದುರಿಸ್ಬೇಕಿತ್ತು.”

“ಅವಳನ್ನ ನೋಡಿ ಕಲಿ. ಏಟು ಬಿದ್ದಾಗ ಕಿಟಾರನೆ ಕಿರುಚಲಿಲ್ಲ. ದಾರೀಲೂ ತುಟಿ ಬಿಚ್ಚಲಿಲ್ಲ. ಸಾಧನೆ ಅಂದ್ರೆ ಅದು.”

ಟೈಲರಮ್ಮನಿಗೆ ತನ್ನ ಬೆರಳಿನ ನೋವೇ ಮರೆತುಹೋಯಿತು.

ಬಾಗಿಲು ತೆರೆಯಿತು. ಹೆಂಡತಿಯ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಇನ್ನೊಂದರಲ್ಲೇ ಗೋಡೆಯ ಗಡಿಯಾರವನ್ನು ದಿಟ್ಟಿಸಿದಳು.

“ಹತ್ತಾಯ್ತೇನೋ ತಮ್ಮಾ?”

“ಆಯ್ತಕ್ಕ. ಹತ್ತೂ ಐದು.”

“ಹಾಗಾದ್ರೆ ಪೊಲೀಸ್ ಸ್ಟೇಷನ್ನಿಗೆ ನಡಿ. ಒಂಬತ್ತು ವರ್ಷದ್ದು ಹೇಳೋದಿದೆ.”

ಮೇಷ್ಟ್ರು ದಡಬಡಿಸಿ ಎದ್ದರು. ಅವಳು ಅವರತ್ತ ತಿರುಗಿಯೂ ನೋಡದೆ ಹೆಗಲ ಚೀಲವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದಳು.

“ಕೊಡತಿ ಇದರಲ್ಲೇ ಇದೆ ಕಣೋ. ರಕ್ತ ಒರೆಸಿಲ್ಲ.”