ಖಾಲಿ ಕುರ್ಚಿಯ ಮುಂದೆ ಬಾಣ ಓಡಾಡಿದ ವಿಚಾರ

ಹೇಳಿಕೆ ಕೊಡುತ್ತಿರುವವರು: ಬೀದಿಯಲ್ಲಿ ಎಲ್ಲರೂ ‘ಸ್ಕ್ರೂ ಅಕ್ಕ’ ಎಂದು ಕರೆಯುವವಳು
ವಯಸ್ಸು: 41 ವರ್ಷ
ಉದ್ಯೋಗ: ಕಂಪ್ಯೂಟರ್ ರಿಪೇರಿ
ವಾಸ: ಷೂ ಕಾರ್ಖಾನೆಯ ಹಿಂದಿನ ಬೀದಿ, ಲಾಂಡ್ರಿಯ ಮೇಲಿನ ಮಹಡಿ, ಅಂಗಡಿ ಅದೇ ಕಟ್ಟಡದ ಕೆಳಗೆ

ಯಾರ ಒತ್ತಾಯವೂ ಇಲ್ಲದೆ, ಸ್ವಲ್ಪ ಸಿಟ್ಟಿನಿಂದಲೇ ಆದರೂ, ಈ ಮೂಲಕ ನಾನು ತಿಳಿಸುವುದೇನೆಂದರೆ:

ನನ್ನ ಅಂಗಡಿಯಿಂದ ನಲವತ್ತು ಹೆಜ್ಜೆ ದೂರದಲ್ಲಿ ನನ್ನ ಅಣ್ಣ, ಅತ್ತಿಗೆಯ ಮನೆ ಇದೆ. ಅತ್ತಿಗೆ ಹತ್ತೊಂಬತ್ತು ವರ್ಷಗಳಿಂದ ಷೂ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಾರೆ. ಅಂದರೆ ಚರ್ಮವನ್ನು ಯಾವ ಆಕಾರಕ್ಕೆ ಕತ್ತರಿಸಬೇಕೆಂದು ಅಳತೆವಾರು ಗೆರೆ ಹಾಕಿಕೊಡುವ ಕೆಲಸ. ಮೊದಲು ಕಾಗದದ ಮೇಲೆ ಬರೆಯುತ್ತಿದ್ದರು, ಈಗ ಆರು ವರ್ಷದಿಂದ ಕಂಪ್ಯೂಟರಿನಲ್ಲಿ. ಯಾರೇ ಎದುರಾದರೂ ಅವರು ಮೊದಲು ನೋಡುವುದು ಕಾಲನ್ನು, ಆಮೇಲೆ ಮುಖವನ್ನು. ನಕ್ಷೆ ಕೋಣೆಯಲ್ಲಿ ಅವರೊಬ್ಬರೇ ಕೆಲಸಗಾರ್ತಿ.

ಕಳೆದ ತಿಂಗಳು 21ನೇ ತಾರೀಖು ಬೆಳಿಗ್ಗೆ 8.15ಕ್ಕೆ ಅತ್ತಿಗೆ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಬಿರುಕು ಬಿಟ್ಟಿತು. ಎಂಟು ವಾರ ಮಲಗಿಯೇ ಇರಬೇಕು, ಕೂರುವ ಮಾತೇ ಇಲ್ಲ ಎಂದು ವೈದ್ಯರು ಹೇಳಿದರು. ಈ ತಿಂಗಳು 9ರಂದು ಕಾರ್ಖಾನೆಯಿಂದ ಪತ್ರ ಬಂತು. ಶಾಲಾ ಮಕ್ಕಳ ಷೂವಿನ ಹನ್ನೊಂದು ಅಳತೆಯ ನಕ್ಷೆಗಳು 16ನೇ ತಾರೀಖು ಗುರುವಾರದೊಳಗೆ ಆಗದಿದ್ದರೆ ನಕ್ಷೆಯ ಕೆಲಸವನ್ನು ಶಾಶ್ವತವಾಗಿ ಹೊರಗಿನವರಿಗೆ ಒಪ್ಪಿಸಲಾಗುವುದು ಎಂದು ಅದರಲ್ಲಿತ್ತು. ಅತ್ತಿಗೆ ಅದನ್ನು ಎರಡು ಸಲ ಓದಿ ತಲೆದಿಂಬಿನ ಕೆಳಗಿಟ್ಟುಕೊಂಡರು. ಮಲಗಿಕೊಂಡೇ ಕಾಗದದ ಮೇಲೆ ಬರೆಯಲು ನೋಡಿದರು. ಮೇಲ್ಮುಖವಾಗಿ ಹಿಡಿದರೆ ಪೆನ್ನು ಬರೆಯುವುದಿಲ್ಲ, ಪೆನ್ಸಿಲಿನ ಗೆರೆ ಅಳತೆಗೆ ನಿಲ್ಲುವುದಿಲ್ಲ. ಆಮೇಲೆ ಮಾತು ಬಿಟ್ಟರು. ಹೊದಿಕೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾ ಇರುತ್ತಿದ್ದರು. ದಿನಕ್ಕೊಂದು ಸಲವಾದರೂ ನನ್ನ ಜೊತೆ ಜಗಳವಾಡದಿದ್ದರೆ ತಿಂದದ್ದು ಅರಗದ ಅತ್ತಿಗೆ ಹಾಗೆ ಸುಮ್ಮನಾದದ್ದು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು.

ನಿನ್ನೆ, ಅಂದರೆ 13ನೇ ತಾರೀಖು ಸೋಮವಾರ ಬೆಳಿಗ್ಗೆ 10.20ಕ್ಕೆ ನಾನು ಕಾರ್ಖಾನೆಯ ವ್ಯವಸ್ಥಾಪಕರ ಕೋಣೆಗೆ ಹೋದೆ. ಅವರು ಚರ್ಮದ ವ್ಯಾಪಾರಿಯ ಜೊತೆ ಫೋನಿನಲ್ಲಿದ್ದರು. ಅತ್ತಿಗೆಯ ಕೆಲಸ ನಿಲ್ಲಬಾರದು, ಅದಕ್ಕೆ ನಕ್ಷೆ ಕೋಣೆಯ ರಿಮೋಟ್ ಬಳಸಿಕೊಳ್ಳಬಹುದೇ ಎಂದು ಕೇಳಿದೆ. ಅವರು ಫೋನಿಗೆ ಕೈ ಅಡ್ಡ ಹಿಡಿದು, ‘ಅದಕ್ಕೇನಂತೆ, ತಗೊಳ್ಳಿ. ಕೆಲಸ ಆದ್ಮೇಲೆ ಇದ್ದ ಜಾಗದಲ್ಲೇ ಇಡಿ, ಅಷ್ಟೇ’ ಎಂದರು. ಇದ್ದ ಜಾಗದಲ್ಲೇ ಇಡಿ ಎಂದದ್ದು ನನಗೆ ವಿಚಿತ್ರವೆನಿಸಿತು. ಆದರೆ ಅನುಮತಿ ಸಿಕ್ಕ ಮೇಲೆ ನಿಂತು ಯೋಚಿಸುವ ಸ್ವಭಾವ ನನ್ನದಲ್ಲ. ಗುಮಾಸ್ತರು ಕೀಲಿ ಕೊಟ್ಟರು. ನಕ್ಷೆ ಕೋಣೆಯ ಕಂಪ್ಯೂಟರಿನಲ್ಲಿ ಪರದೆ ಹಂಚಿಕೆಯನ್ನು ಶುರು ಮಾಡಿ, ಪಾಸ್‌ವರ್ಡ್ ಇಟ್ಟು, 10.50ಕ್ಕೆ ಬೀಗ ಹಾಕಿ ಕೀಲಿ ಮರಳಿಸಿದೆ. ಹೊರಗಿನಿಂದ ಕಾರ್ಖಾನೆಯ ಜಾಲದೊಳಗೆ ಬರಲು ಅತ್ತಿಗೆಗೆ ಮೊದಲೇ ಅವರ ಹೆಸರಿನಲ್ಲಿ ಪ್ರವೇಶವಿತ್ತು. ನಿನ್ನೆ ಕಾವಲುಗಾರರಿಗೆ ವಾರದ ರಜೆಯಾದ್ದರಿಂದ ನಾನು ಬಂದುಹೋದದ್ದು ಅವರಿಗೆ ತಿಳಿಯಲಿಲ್ಲ.

ಇನ್ನು ಮನೆಯ ಕಡೆ ಬೇಕಾದದ್ದು ರಿಮೋಟ್ ಡೆಸ್ಕ್‌ಟಾಪ್ ಕ್ಲೈಂಟ್. ಎಲ್ಲೋ ಇರುವ ಕಂಪ್ಯೂಟರಿನ ಪರದೆಯನ್ನು ಇಲ್ಲಿ ತೋರಿಸಿ, ಇಲ್ಲಿಂದಲೇ ಅದನ್ನು ನಡೆಸುವ ತಂತ್ರಾಂಶ ಅದು. ಯಾವ ವಕೀಲರ ಕ್ಲೈಂಟ್ ಎಂದು ಇದನ್ನು ಬರೆದುಕೊಳ್ಳುತ್ತಿರುವ ಕಾನ್‌ಸ್ಟೆಬಲ್‌ರವರು ಕೇಳಿದ್ದರಿಂದ, ಅದು ಮನುಷ್ಯನಲ್ಲ ಎಂದು ಇಲ್ಲಿ ಸ್ಪಷ್ಟಪಡಿಸಿದ್ದೇನೆ.

11.40ಕ್ಕೆ ಅತ್ತಿಗೆಯ ಸ್ವಂತ ಲ್ಯಾಪ್‌ಟಾಪಿಗೆ ಹಾಕಿದೆ. ಅದರಲ್ಲಿ ವಿಂಡೋಸ್ ಬದಲು ಇರುವುದು ಉಬುಂಟು, ಲಿನಕ್ಸ್‌ನ ಒಂದು ಬಗೆ. ಆಪ್ಟ್ ಎಂಬ ಆದೇಶ ಕೊಟ್ಟು ರೆಮಿನಾ ಎನ್ನುವ ಕ್ಲೈಂಟನ್ನೂ, ದೂರದ ಪರದೆಯ ಜೊತೆ ಮಾತಾಡಲು ಅದಕ್ಕೆ ಬೇಕಾದ ಆರ್‌ಡಿಪಿ ಪ್ಲಗಿನ್ ಎಂಬ ಜೋಡಣೆಯನ್ನೂ ಇಳಿಸಿದೆ. ಆರು ನಿಮಿಷದಲ್ಲಿ ನಕ್ಷೆ ಕೋಣೆಯ ಪರದೆ ಮಂಚದ ಮೇಲೆ ಬಂತು. ಆದರೆ ಹನ್ನೊಂದು ಇಂಚಿನ ಪರದೆಯಲ್ಲಿ ಗೆರೆಗಳೆಲ್ಲ ಕೂದಲೆಳೆಯ ಹಾಗೆ ಕಂಡವು. ‘ಇರುವೆಗೆ ಷೂ ಹೊಲೀಬೇಕೇನೆ ನಾನು?’ ಎಂದು ಅತ್ತಿಗೆ ಕೇಳಿದರು. ನಾಲ್ಕು ದಿನದಲ್ಲಿ ಅವರು ಆಡಿದ ಮೊದಲ ಪೂರ್ತಿ ವಾಕ್ಯ ಅದು.

12.30ಕ್ಕೆ ನಾನೂ ಅಣ್ಣನೂ ಸೇರಿ ನನ್ನ ಅಂಗಡಿಯ ಕಂಪ್ಯೂಟರನ್ನು ಇಪ್ಪತ್ತನಾಲ್ಕು ಇಂಚಿನ ಪರದೆಯ ಸಮೇತ ಹೊತ್ತು ತಂದೆವು. ಅದರಲ್ಲಿರುವುದು ಫೆಡೋರಾ, ಲಿನಕ್ಸ್‌ನದೇ ಇನ್ನೊಂದು ಬಗೆ. ಅಲ್ಲಿ ಆಪ್ಟ್ ನಡೆಯುವುದಿಲ್ಲ, ಡಿಎನ್‌ಎಫ್ ಎನ್ನಬೇಕು. ಹಾಗೆಯೇ ಎಂದೆ. ಹಾಗೊಂದು ಪ್ಲಗಿನ್ನೇ ಇಲ್ಲ ಎಂದಿತು. ನಲವತ್ತೈದು ನಿಮಿಷ ತಂತಿ ಕಿತ್ತು ಹಾಕಿದೆ, ಜಾಲ ಪರೀಕ್ಷಿಸಿದೆ, ಕಂಪ್ಯೂಟರಿಗೆ ಬೈದೆ. ಕೊನೆಗೆ ನೋಡಿದರೆ ಉಬುಂಟುವಿನಲ್ಲಿ ಹೆಸರು ಪ್ಲಗಿನ್, ಫೆಡೋರಾದಲ್ಲಿ ಪ್ಲಗಿನ್ಸ್. ಒಂದೇ ಒಂದು ‘ಎಸ್’. ಹನ್ನೆರಡು ವರ್ಷದ ಅನುಭವವಿರುವ ನನಗೆ ನಾಚಿಕೆಯಾಯಿತು, ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಇದನ್ನೂ ಬರೆದುಕೊಳ್ಳಿ ಎಂದು ಅವನೇ ಈಗ ಪಕ್ಕದಲ್ಲಿ ನಿಂತು ಹೇಳುತ್ತಿದ್ದಾನೆ. 1.25ಕ್ಕೆ ಪರದೆ ಬಂತು. ಆದರೆ ಅದು ಮೇಜಿನ ಮೇಲೆ, ಅತ್ತಿಗೆ ಮಂಚದ ಮೇಲೆ. ಕತ್ತು ತಿರುಗಿಸಿ ಹತ್ತು ನಿಮಿಷ ಕೆಲಸ ಮಾಡುವಷ್ಟರಲ್ಲಿ ನೋವಿಗೆ ಅವರ ಕಣ್ಣಲ್ಲಿ ನೀರು ಬಂತು. ತೆಗೆಸಿಬಿಟ್ಟೆ.

ಉಳಿದದ್ದು ಅಣ್ಣನ ಲ್ಯಾಪ್‌ಟಾಪ್. ಪರದೆ ದೊಡ್ಡದು, ಪೂರ್ತಿ ಹಿಂದಕ್ಕೆ ಮಡಚಬಹುದು. ಅದರಲ್ಲಿರುವುದು ಲಿನಕ್ಸ್‌ನ ಮೂರನೇ ಬಗೆ, ಆರ್ಚ್, ಯಾಕೆಂದರೆ ಅಣ್ಣನಿಗೆ ಸುಲಭವಾದದ್ದು ಯಾವುದೂ ಹಿಡಿಸುವುದಿಲ್ಲ. ಅವನು ತನ್ನ ಸಾಮಾನುಗಳಿಗೆಲ್ಲ ಹೆಸರಿಡುತ್ತಾನೆ. ಸದ್ದಿಲ್ಲದೆ ಚಾರ್ಜ್ ಖಾಲಿ ಮಾಡುವ ಈ ಲ್ಯಾಪ್‌ಟಾಪಿನ ಹೆಸರು ‘ಕಳ್ಳಬೆಕ್ಕು’. ಈ ಹೆಸರಿನಿಂದ ಮುಂದೆ ಏನಾಯಿತೆಂದು ಆಮೇಲೆ ಹೇಳುತ್ತೇನೆ. ಇಲ್ಲಿ ಪ್ಯಾಕ್‌ಮ್ಯಾನ್ ಆದೇಶಕ್ಕೆ ರೆಮಿನಾ ಬಂತು, ಆದರೆ ಅದರ ಪಟ್ಟಿಯಲ್ಲಿ ಆರ್‌ಡಿಪಿಯೇ ಇರಲಿಲ್ಲ. ಅದಕ್ಕೆ ಬೇಕಾದ ಫ್ರೀಆರ್‌ಡಿಪಿಯನ್ನು ನಾವೇ ಕೇಳಿ ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಿದೆ. ಅಣ್ಣ ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ತನ್ನ ಎರಡು ಬೆಲ್ಟಿನಿಂದ ಲ್ಯಾಪ್‌ಟಾಪನ್ನು ಬಿಗಿದು, ಅತ್ತಿಗೆಯ ಮುಖದಿಂದ ಐವತ್ತು ಸೆಂಟಿಮೀಟರ್ ಮೇಲೆ ನಿಲ್ಲಿಸಿದ. ಮೌಸ್ ಅವರ ಬಲಗೈ ಪಕ್ಕದಲ್ಲಿ, ರಟ್ಟಿನ ಮೇಲೆ.

3.20ಕ್ಕೆ ಅತ್ತಿಗೆಗೆ ತಮ್ಮ ಪರದೆ ಕಂಡಿತು. ಬೀಳುವ ಹಿಂದಿನ ದಿನ ಅರ್ಧಕ್ಕೆ ಬಿಟ್ಟ ಹಿಮ್ಮಡಿಯ ಗೆರೆ ಹಾಗೆಯೇ ಇತ್ತು. ಅವರು ಅದನ್ನು ಅಲ್ಲಿಂದಲೇ ಮುಂದುವರಿಸಿದರು. ಐದು ನಿಮಿಷದ ನಂತರ, ‘ಬೆಳಕಿಗೆ ಅಡ್ಡ ನಿಂತಿದೀಯಲ್ಲ, ಕಣ್ಣು ಕಾಣಲ್ವಾ ನಿನಗೆ?’ ಎಂದು ನನ್ನನ್ನು ಗದರಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತು ಬಂದೆ. ಸಂಜೆಯೊಳಗೆ ಮೂರು ಅಳತೆ ಮುಗಿಯಿತು.

ಇಂದು ಮಂಗಳವಾರ ಬೆಳಿಗ್ಗೆ 9ಕ್ಕೆ ಅತ್ತಿಗೆ ಮತ್ತೆ ಕೆಲಸ ಹಿಡಿದರು. ಮಧ್ಯಾಹ್ನ 1.20ಕ್ಕೆ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಕಾರ್ಖಾನೆಯ ಕಾವಲುಗಾರರಾದ ‘ಗೇಟ್ ಮಾವ’ ಕಿಟಕಿ ಮುಚ್ಚಲೆಂದು ನಕ್ಷೆ ಕೋಣೆಯ ಬೀಗ ತೆಗೆದರು. ಕುರ್ಚಿ ಖಾಲಿ ಇತ್ತು. ಪರದೆಯ ಮೇಲೆ ಬಾಣದ ಗುರುತು ತಾನೇ ತಾನಾಗಿ ಓಡಾಡುತ್ತಾ ಗೆರೆ ಎಳೆಯುತ್ತಿತ್ತು. ಅವರು ಕಿಟಕಿಯನ್ನೂ ಮುಚ್ಚದೆ ಓಡಿಹೋಗಿ ವ್ಯವಸ್ಥಾಪಕರಿಗೆ ಹೇಳಿದರಂತೆ. ವ್ಯವಸ್ಥಾಪಕರು ಜಾಲದ ಪಟ್ಟಿ ತೆಗೆಸಿ ನೋಡಿದರೆ, ನಿನ್ನೆಯಿಂದ ಮೂರು ಬೇರೆ ಬೇರೆ ಕಂಪ್ಯೂಟರುಗಳು ಒಳಬಂದಿವೆ, ಮೂರನೆಯದರ ಹೆಸರೇ ಕಳ್ಳಬೆಕ್ಕು. ಮೂವರ ತಂಡವೊಂದು ಅತ್ತಿಗೆಯ ಹೆಸರಿನಲ್ಲಿ ನುಗ್ಗಿ ನಕ್ಷೆ ಕದಿಯುತ್ತಿದೆ ಎಂದು ಅವರು 1.45ಕ್ಕೆ ದೂರು ಕೊಟ್ಟರು.

2.35ಕ್ಕೆ ಸಬ್ ಇನ್‌ಸ್ಪೆಕ್ಟರ್ ಮೇಡಂ ಮತ್ತು ಕಾನ್‌ಸ್ಟೆಬಲ್ ಮನೆಗೆ ಬಂದರು. ನಾನು ಅನುಮತಿಯ ವಿಷಯ ಹೇಳಿದೆ. ಮೇಡಂ ವ್ಯವಸ್ಥಾಪಕರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ‘ಅಯ್ಯೋ, ಅವರು ಕೇಳಿದ್ದು ಎಸಿ ರಿಮೋಟ್ ಅಲ್ವಾ? ಸೆಕೆ ಆಗ್ತಿರಬೇಕು ಅಂತ ತಗೊಳ್ಳಿ ಅಂದೆ’ ಎಂದು ಅವರು ಹೇಳಿದರು. ಎಸಿ ರಿಮೋಟ್ ಇದ್ದ ಜಾಗದಲ್ಲೇ ಇದೆ ಎಂದು ನಾನು ತಿಳಿಸಿದೆ. ಆದರೂ ಗೆರೆ ಎಳೆಯುತ್ತಿರುವುದು ಅತ್ತಿಗೆಯೇ ಎಂದು ನಂಬುವುದು ಹೇಗೆ, ಮಲಗಿದವರು ಹೇಗೆ ಬರೆದಾರು ಎಂದು ವ್ಯವಸ್ಥಾಪಕರು ಕೇಳಿದರು. ಅಷ್ಟು ಹೊತ್ತಿಗೆ ಏಳು ಅಳತೆ ಮುಗಿದಿತ್ತು. ಇನ್ನು ನಾಲ್ಕು ಬಾಕಿ, ಎರಡು ದಿನ.

ಮೇಡಂ, ವ್ಯವಸ್ಥಾಪಕರನ್ನೂ ಗೇಟ್ ಮಾವನನ್ನೂ ನಕ್ಷೆ ಕೋಣೆಯ ಪರದೆಯ ಮುಂದೆ ನಿಲ್ಲಲು ಹೇಳಿದರು. ಇಲ್ಲಿಂದ ಅಲ್ಲಿಗೆ ಏಳುನೂರು ಮೀಟರ್. ಆಮೇಲೆ ಅತ್ತಿಗೆಯ ಕಡೆ ತಿರುಗಿ, ‘ನಿಮಗೆ ತೋಚಿದ್ದು ಏನಾದ್ರೂ ಬರೀರಿ’ ಎಂದರು. ಆಗ ಸಮಯ 3.05. ಅತ್ತಿಗೆ ಒಂದು ಕ್ಷಣ ಕಣ್ಣು ಮುಚ್ಚಿ, ಕೈ ಆಡಿಸತೊಡಗಿದರು. ಎರಡು ನಿಮಿಷದ ಮೇಲೆ, ‘ಪಾದ ಬರೀತಿದ್ದಾರೆ’ ಎಂದು ವ್ಯವಸ್ಥಾಪಕರ ದನಿ ಬಂತು. ನಾಲ್ಕನೇ ನಿಮಿಷಕ್ಕೆ ಗೇಟ್ ಮಾವ ಮಾತಾಡಿದರು.

‘ಸಾರ್, ಎಡಗಾಲು. ಆ ಕಿರುಬೆರಳು ನೋಡಿ, ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ಇದು ನನ್ನ ಕಾಲು ಸಾರ್.’ ಆಮೇಲೆ, ‘ಅಮ್ಮಾ, ನೀವೇನಾ?’ ಎಂದರು.

ಐದು ವರ್ಷದ ಹಿಂದೆ, ಯಾವ ಷೂ ಹಾಕಿದರೂ ಬೊಬ್ಬೆ ಬರುತ್ತದೆ ಎಂದು ಅವರು ಕುಂಟುತ್ತಿದ್ದುದನ್ನು ನೋಡಿ, ಅತ್ತಿಗೆ ಅವರ ಕಾಲಿಗೆಂದೇ ಒಂದು ನಕ್ಷೆ ಬರೆದಿದ್ದರು. ಈಗ ಅತ್ತಿಗೆ ಪಾದದ ಕೆಳಗೆ, ‘ಹೌದು. ಅಟ್ಟೆ ಸವೆದಿದ್ದರೆ ಕಳಿಸಿ’ ಎಂದು ಟೈಪ್ ಮಾಡಿದರು.

ವ್ಯವಸ್ಥಾಪಕರು ಫೋನಿನಲ್ಲೇ ದೂರು ಹಿಂತೆಗೆದುಕೊಳ್ಳುವುದಾಗಿ ಹೇಳಿದರು. ಮುಗಿದ ಏಳು ನಕ್ಷೆಗಳನ್ನು ಅಲ್ಲೇ ತೆರೆದು ನೋಡಿ, ಉಳಿದ ನಾಲ್ಕನ್ನೂ ಅತ್ತಿಗೆಯೇ ಮಾಡಲಿ, ಎದ್ದು ಓಡಾಡುವವರೆಗೂ ಮನೆಯಿಂದಲೇ ಮಾಡಲಿ, ಹೊರಗೆ ಕೊಡುವ ಯೋಚನೆ ಕೈಬಿಟ್ಟಿದ್ದೇನೆ ಎಂದರು. ಇದನ್ನು ಬರವಣಿಗೆಯಲ್ಲಿ ಕೊಡುವಂತೆ ಮೇಡಂ ಕೇಳಿದ್ದಾರೆ. ಅತ್ತಿಗೆ ಮೇಡಂಗೆ, ನಿಮ್ಮ ಬಲಗಾಲಿನ ಬೂಟು ಅರ್ಧ ಅಳತೆ ದೊಡ್ಡದು, ಬಾಗಿಲಲ್ಲಿ ಬರುವಾಗಲೇ ಸದ್ದಿನಿಂದ ಗೊತ್ತಾಯಿತು ಎಂದರು. ಮೇಡಂ ಅದನ್ನು ಒಪ್ಪಿಕೊಂಡರು.

ನಾಳೆಯಿಂದ ಬೆಳಿಗ್ಗೆ 8.50ಕ್ಕೆ ಕಂಪ್ಯೂಟರ್ ಚಾಲೂ ಮಾಡುವ ಕೆಲಸವನ್ನು ಗೇಟ್ ಮಾವ ವಹಿಸಿಕೊಂಡಿದ್ದಾರೆ. ಫೋನಿಡುವ ಮೊದಲು ಅವರು, ದೂರಿನಲ್ಲಿರುವ ತಮ್ಮದೊಂದು ಮಾತು ತಿದ್ದಬೇಕು ಎಂದು ಮೇಡಂ ಬಳಿ ಕೇಳಿಕೊಂಡರು. ಯಾವ ಮಾತು ಎಂದು ಮೇಡಂ ಕೇಳಿದರು. ‘ಕುರ್ಚಿ ಖಾಲಿ ಇತ್ತು ಅಂತ ಬರೆಸಿದ್ದೆ. ಅದನ್ನ ಹೊಡೆದುಹಾಕಿ’ ಎಂದರು.

ಮೇಲಿನ ಸಮಯ, ದೂರ, ಮಾತು ಎಲ್ಲವೂ ನಾನು ಕಂಡು ಕೇಳಿದಂತೆಯೇ ಇವೆ. ಓದಿಸಿ ಕೇಳಿದೆ, ಸರಿಯಾಗಿದೆ. ‘ಎಸ್’ ವಿಷಯವೊಂದನ್ನು ತೆಗೆಯಬಹುದೇ ಎಂದು ಕೇಳಿದೆ, ಆಗುವುದಿಲ್ಲ ಎಂದರು.

ಸ್ಥಳ: ಅಣ್ಣನ ಮನೆ, ಊಟದ ಮೇಜು
ದಿನ: 14ನೇ ತಾರೀಖು, ಮಂಗಳವಾರ, ಸಂಜೆ 4.10
ಸಹಿ: ಸ್ಕ್ರೂ ಅಕ್ಕ
ಸಾಕ್ಷಿ: ಅತ್ತಿಗೆ (ಮಲಗಿ ಬರೆದದ್ದರಿಂದ ಪೆನ್ಸಿಲಿನಲ್ಲಿ)