ಬಸ್ ಸಾಹುಕಾರನ ನಂದಾದೀಪ

ಆಯ್ಕೆ, ಆಯ್ಕೆ ಎಂದು ಇವತ್ತಿನ ಪ್ರವಚನದಲ್ಲಿ ಇಷ್ಟು ಹೊತ್ತು ಹೇಳಿದೆ. ಮುಂದಿನ ಸಾಲಿನಲ್ಲಿ ಕೂತ ವರ್ತಕರ ಸಂಘದವರು, ನಮ್ಮ ಮಠದ ಸಮಿತಿಯವರು ಚೆನ್ನಾಗಿ ತಲೆಯಾಡಿಸಿದಿರಿ. ನೀವು ತಲೆಯಾಡಿಸಿದರೆ ನನಗೆ ಭಯವಾಗುತ್ತದೆ. ಅರ್ಥವಾದವರು ಯೋಚನೆಗೆ ಬೀಳುತ್ತಾರೆ, ತಲೆಯಾಡಿಸುವುದಿಲ್ಲ. ಅದಕ್ಕೇ ಒಂದು ದೃಷ್ಟಾಂತ ಹೇಳುತ್ತೇನೆ. ನೋಡಿ, ಕಥೆ ಅಂದ ಕೂಡಲೇ ಹಿಂದಿನ ಸಾಲಿನವರೂ ಎದ್ದು ಕೂತರು! ಸಂತೋಷ.

ಎರಡು ಹೆದ್ದಾರಿ ಕೂಡುವ ಒಂದು ಊರು. ಆ ಊರಿನಲ್ಲೊಬ್ಬ ಸಾಹುಕಾರ, ಬಸ್ಸುಗಳ ಸಾಹುಕಾರ. ಆ ಸೀಮೆಯಲ್ಲಿ ಯಾವ ತಿರುವಿನಲ್ಲಿ ನಿಂತು ಕೈ ಅಡ್ಡ ಹಿಡಿದರೂ ನಿಲ್ಲುವುದು ಅವನ ಬಸ್ಸೇ. ಬಸ್ಸಿನ ಹಿಂದೆ ಮನೆದೇವರ ಹೆಸರು, ಮುಂದೆ ಮಗಳ ಹೆಸರು. ಒಬ್ಬಳೇ ಮಗಳು, ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದ.

ಒಂದು ವರ್ಷ ಅವನ ಮುಂದೆ ಎರಡು ಆಯ್ಕೆಗಳು ಒಟ್ಟಿಗೆ ಬಂದು ನಿಂತವು. ಒಂದು, ಮಗಳಿಗೆ ಗಂಡು ಹುಡುಕುವುದು. ಇನ್ನೊಂದು, ಟಿಕೆಟ್ ಆಫೀಸಿನ ದೊಡ್ಡ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹುಡುಕುವುದು. ತಾಯಂದಿರೇ, ಹುಬ್ಬು ಗಂಟಿಕ್ಕಬೇಡಿ. ಕಂಪ್ಯೂಟರ್ ಅಂದರೆ ದೇಹ. ಆಪರೇಟಿಂಗ್ ಸಿಸ್ಟಮ್ ಅಂದರೆ ಒಳಗೆ ಕೂತು ಆ ದೇಹವನ್ನು ನಡೆಸುವ ಜೀವ. ಅದು ನೆಟ್ಟಗಿದ್ದರೆ ಟಿಕೆಟ್ಟು, ಸೀಟು, ಬಸ್ಸು ಎಲ್ಲ ನೆಟ್ಟಗೆ. ಅದು ಕಣ್ಣು ಮುಚ್ಚಿದರೆ ಉಳಿಯುವುದು ತಗಡಿನ ಡಬ್ಬಿ. ಅಷ್ಟು ತಿಳಿದರೆ ಸಾಕು.

ಗಂಡು ಹುಡುಕುವುದರಲ್ಲಿ ಅವನ ಶ್ರದ್ಧೆ ನೋಡಬೇಕಿತ್ತು! ಪಕ್ಕದ ತಾಲ್ಲೂಕಿನ ಹುಡುಗ, ಪಶುವೈದ್ಯ. ಜಾತಕ ತರಿಸಿದ, ಆಯುಷ್ಯ ಎಷ್ಟಿದೆ ಎಂದು ಜೋಯಿಸರನ್ನು ಕೇಳಿದ. ಒಬ್ಬರು ಹೇಳಿದ್ದು ಸಾಲದೆಂದು ಇನ್ನೊಬ್ಬರನ್ನು ಕೇಳಿದ. ಹುಡುಗ ಟೀ ಕುಡಿಯುವ ಹೋಟೆಲಿಗೆ ಹೋಗಿ ಮೂಲೆಯಲ್ಲಿ ಕೂತು, ಅವನು ಸಿಗರೇಟು ಸೇದುತ್ತಾನೋ ಎಂದು ಕಾದ. ಹಸುವಿಗೆ ಸೂಜಿ ಚುಚ್ಚುವಾಗ ಕೈ ನಡುಗುತ್ತದೆಯೇ ಎಂದು ಹಸುವಿನ ಮಾಲೀಕನನ್ನು ವಿಚಾರಿಸಿದ. ಸಾಧ್ಯವಿದ್ದರೆ ಹಸುವನ್ನೂ ವಿಚಾರಿಸುತ್ತಿದ್ದ! ಕೊನೆಗೆ ಹುಡುಗನ ಮನೆಯ ಜಗಲಿಯ ಮೇಲೆ ಕೂತು ಎಲ್ಲರೆದುರು ಕೇಳಿಯೇಬಿಟ್ಟ.

"ತಪ್ಪು ತಿಳೀಬ್ಯಾಡ್ರಿ. ಹುಡುಗನಿಗೆ ಹಿಂದೆ ಮುಂದೆ ಯಾರಿದ್ದಾರೆ? ನಾಳೆ ಒಂದು ಕಷ್ಟ ಬಂದ್ರೆ ನನ್ ಮಗಳು ಯಾರನ್ನ ಕೂಗಬೇಕು?"

ಹುಡುಗನ ತಂದೆ ಬೇಸರಪಡಲಿಲ್ಲ. ಅಣ್ಣ, ತಮ್ಮ, ಸೋದರಮಾವ ಎಲ್ಲರನ್ನೂ ಕರೆದು ಕೂರಿಸಿ ಪರಿಚಯ ಮಾಡಿಸಿದ. ಹುಡುಗನ ಅಜ್ಜಿ ಮಾತ್ರ ಒಳಗಿನಿಂದ ಬಂದು, "ನಾನಿದೀನಪ್ಪ, ಇನ್ನೂ ಗಟ್ಟಿ ಇದೀನಿ," ಎಂದಳು. ಸಾಹುಕಾರನಿಗೆ ಸಮಾಧಾನವಾಯಿತು. ಹೆಣ್ಣು ಹೆತ್ತವನು ಕೇಳಬೇಕಾದ ಮಾತೇ ಅದು. ನಾನು ತಪ್ಪೆನ್ನುವುದಿಲ್ಲ.

ಇನ್ನು ಆಪರೇಟಿಂಗ್ ಸಿಸ್ಟಮ್ ಆಯ್ಕೆ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಗೊತ್ತೇ? ಒಂದು ಲೋಟ ಟೀ ಆರುವಷ್ಟು. ಅದೂ ಅರ್ಧ ಲೋಟ!

ಪೇಟೆಯಿಂದ ಕಂಪನಿಯ ಏಜೆಂಟನೊಬ್ಬ ಬಂದಿದ್ದ. ಅವನು ಹೇಳಿದ. "ಸಾರ್, ಲಿನಕ್ಸ್ ಹಾಕೋಣ, ಒಳ್ಳೇದೇ. ಆದ್ರೆ ಲಿನಕ್ಸ್ ಅಂದ್ರೆ ಒಬ್ನೇ ಹುಡುಗ ಅಲ್ಲ ಸಾರ್, ದೊಡ್ಡ ಮನೆತನ. ಅದ್ರಲ್ಲಿ ಥರಾವರಿ ಇದಾವೆ. ವ್ಯಾಪಾರಕ್ಕೇ ಅಂತ ಮಾಡಿದ್ದು ಒಂದಷ್ಟು. ಅವಕ್ಕೆ ಹತ್ತು ವರ್ಷ ಆಯುಷ್ಯ. ಅಲ್ಲೀವರೆಗೆ ಎಲ್ಲಾದ್ರೂ ತೂತು ಬಿದ್ರೆ ಮುಚ್ಚೋಕೆ ಅಪ್‌ಡೇಟ್ ಬರ್ತಾನೇ ಇರುತ್ತೆ. ವರ್ಷಕ್ಕೊಂದು ಶುಲ್ಕ ಕಟ್ಟಿದ್ರೆ ಕರೆದಾಗ ಫೋನ್ ಎತ್ತೋರಿದಾರೆ. ಶುಲ್ಕ ಬೇಡ ಅಂದ್ರೆ ಅದೇ ಮನೆತನದಲ್ಲಿ ಪುಕ್ಕಟೆನೂ ಇದಾವೆ. ಆಯುಷ್ಯ ಗಟ್ಟಿನೇ, ಆದ್ರೆ ನೋಡ್ಕೊಳ್ಳೋಕೆ ಬಲ್ಲವರನ್ನ ನೀವೇ ಇಟ್ಕೋಬೇಕು."

ಎಷ್ಟು ಚೆನ್ನಾಗಿ ಹೇಳಿದ, ಅಲ್ಲವೇ? ಏಜೆಂಟರು ನಿಜ ಹೇಳುವುದು ಅಪರೂಪ. ಹೇಳಿದಾಗ ನಾವು ನಂಬುವುದು ಇನ್ನೂ ಅಪರೂಪ. ಸಾಹುಕಾರ ಅವನು ತೋರಿಸಿದ ಪರದೆ ನೋಡಿದ. ಬೂದು ಬಣ್ಣ, ಚಿತ್ರವಿಲ್ಲ, ಹೂವಿಲ್ಲ. "ಏನಯ್ಯಾ ಇದು, ಸೂತಕದ ಮನೆ ಇದ್ದಂಗೈತೆ!" ಎಂದ.

ಅಷ್ಟರಲ್ಲಿ ಅವನ ಭಾವಮೈದುನ ಬಂದ. ಶ್ರೀಮಂತರ ಮನೆಯಲ್ಲಿ ಒಬ್ಬ ಭಾವಮೈದುನ ಇರುತ್ತಾನೆ, ಎಲ್ಲ ವಿಷಯವೂ ಅವನಿಗೆ ಗೊತ್ತಿರುತ್ತದೆ. ನಿಮ್ಮಲ್ಲೂ ಇರುತ್ತಾರೆ, ಪಕ್ಕಕ್ಕೆ ನೋಡಬೇಡಿ. ಅವನು ಜೇಬಿನಿಂದ ಪೆನ್‌ಡ್ರೈವ್ ತೆಗೆದ. "ಭಾವಾ, ಇದೂ ಲಿನಕ್ಸೇ, ಅದೂ ಲಿನಕ್ಸೇ. ಅವನು ಕಾಸು ಕೀಳ್ತಾನೆ, ಇದು ಪುಕ್ಕಟೆ. ಮೊನ್ನೆಯಷ್ಟೇ ಬಂದಿರೋ ಹೊಸ ಮಾಲು. ಪರದೆ ನೋಡು ಒಂದ್ಸಲ!"

ಪರದೆಯ ತುಂಬ ಗರಿಬಿಚ್ಚಿದ ನವಿಲು! ಸಾಹುಕಾರ ಕರಗಿಹೋದ.

ಅದು ಹವ್ಯಾಸಕ್ಕೆ ಮನೆಯಲ್ಲಿ ಹಾಕಿಕೊಂಡು ನೋಡುವಂಥದ್ದು. ವರ್ಷ ತುಂಬುವುದರೊಳಗೆ ಅದರ ಆಯುಷ್ಯ ಮುಗಿಯುತ್ತದೆ, ಆಮೇಲೆ ಮುಂದಿನದಕ್ಕೆ ಬದಲಾಯಿಸಿಕೊಳ್ಳಬೇಕು. ಮಾಡಿದವರು ಅದನ್ನು ಮುಚ್ಚಿಡಲಿಲ್ಲ, ಮೊದಲೇ ಹೇಳಿದ್ದರು. ಕೇಳುವವರು ಬೇಕಲ್ಲ! ಅಳಿಯನ ಆಯುಷ್ಯವನ್ನು ಇಬ್ಬರು ಜೋಯಿಸರಲ್ಲಿ ಕೇಳಿದ ಮಹಾನುಭಾವ, ಇಡೀ ವ್ಯವಹಾರವನ್ನು ಹೊರುವ ಜೀವದ ಆಯುಷ್ಯವನ್ನು ಒಬ್ಬರಲ್ಲೂ ಕೇಳಲಿಲ್ಲ. ಹುಡುಗನಿಗೆ ಹಿಂದೆ ಮುಂದೆ ಯಾರಿದ್ದಾರೆ ಎಂದವನು, ನವಿಲಿಗೆ ಹಿಂದೆ ಮುಂದೆ ಯಾರಿದ್ದಾರೆ ಎನ್ನಲಿಲ್ಲ. ಏಕೆಂದರೆ ನವಿಲು ಚೆನ್ನಾಗಿತ್ತು.

ಆದರೆ ಪೂಜೆಯಲ್ಲಿ ಕೊರತೆಯಿಲ್ಲ. ಅದು ನಮ್ಮ ಜನರ ದೊಡ್ಡಗುಣ. ಶುಭ ಮುಹೂರ್ತದಲ್ಲಿ ಯಂತ್ರ ಚಾಲೂ ಮಾಡಿದರು. ವಿಭೂತಿ ಹಚ್ಚಿದರು, ಕುಂಕುಮ ಇಟ್ಟರು. ಗಾಳಿಯಾಡುವ ತೂತಿಗೇ ಕುಂಕುಮ ಇಟ್ಟರು! ಆಮೇಲೆ ಸಾಹುಕಾರ ಒಂದು ವ್ರತ ಹಿಡಿದ. ಏನು ವ್ರತ? ಈ ಯಂತ್ರ ನಮ್ಮ ವ್ಯವಹಾರದ ನಂದಾದೀಪ, ಇದನ್ನು ಎಂದೂ ಆರಿಸಕೂಡದು. ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ, ಮುಟ್ಟಬಾರದು ಎಂದು ಬರೆಸಿದ. ಬಂದ ನೆಂಟರನ್ನೆಲ್ಲ ಆ ಕೋಣೆಗೆ ಕರೆದೊಯ್ದು ತೋರಿಸುತ್ತಿದ್ದ. "ಹಚ್ಚಿದ್ದು ಹಚ್ಚಿದಂಗೇ ಐತೆ. ಒಂದು ಸಲಾನೂ ಆರಿಲ್ಲ!" ನೆಂಟರು ಕೈ ಮುಗಿಯುತ್ತಿದ್ದರು.

ಮೊದಮೊದಲು ಯಂತ್ರ ತಾನೇ ಬೇಡಿಕೊಂಡಿತು. ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳುತ್ತೇನೆ, ಒಂದು ಸಲ ಆರಿಸಿ ಹಚ್ಚಿ ಎಂದು ಪರದೆಯ ಮೇಲೆ ಕೇಳಿತು. ಆರಿಸುವುದೇ? ನಂದಾದೀಪವನ್ನೇ? ಅಪಶಕುನ! "ಆಮೇಲೆ" ಎಂಬ ಗುಂಡಿ ಒತ್ತಿದರು. ಮತ್ತೆ ಕೇಳಿತು, ಮತ್ತೆ "ಆಮೇಲೆ". ಆಯುಷ್ಯ ಮುಗಿದ ಮೇಲೆ ಅಪ್‌ಡೇಟ್ ಬರುವುದೇ ನಿಂತಿತು; ಯಂತ್ರ ಓಡುತ್ತಿತ್ತು, ಆದರೆ ಕೇಳುವುದನ್ನು ಬಿಟ್ಟಿತು. ಸಾಹುಕಾರ ಹಿಗ್ಗಿದ. "ನೋಡಿ, ಈಗ ಹೇಳಿದಂಗೆ ಕೇಳ್ತೈತೆ, ಪಳಗಿದೆ!"

ಪಳಗಿರಲಿಲ್ಲ ಸ್ವಾಮಿ. ಹೋಗಿಬಿಟ್ಟಿತ್ತು.

ಅಷ್ಟರಲ್ಲಿ ವರ್ಷ ದಾಟಿತ್ತು. ನಿಶ್ಚಿತಾರ್ಥವಾಗಿ ಮದುವೆಯ ದಿನ ಬಂತು. ಬೀಗರು ತನ್ನ ಬಸ್ಸಿನಲ್ಲೇ ಬರಬೇಕೆಂದು ಸಾಹುಕಾರನ ಹಟ. ಹಾಗೆಂದು ಇಡೀ ಬಸ್ಸು ಬಿಟ್ಟುಕೊಟ್ಟನೇ? ಮದುವೆ ಸೀಸನ್ನು, ದಂಧೆ ಏನಾಗಬೇಕು! ಮುಂದಿನ ಅರ್ಧ ಬಸ್ಸಿನ ಸೀಟುಗಳನ್ನು ಕಾಯ್ದಿರಿಸಿ, ಟಿಕೆಟ್ಟಿನ ಮೂಲೆಗೆ ಅರಿಶಿನ ಹಚ್ಚಿ, ಲಗ್ನಪತ್ರಿಕೆಯ ಜೊತೆಗೆ ಕಳಿಸಿದ. ಅಜ್ಜಿಗೆ ಮಾತ್ರ ಕಿಟಕಿ ಸೀಟು.

ಆ ಬೆಳಿಗ್ಗೆಯೇ ಕಳ್ಳ ಬಂದ. ಬಾಗಿಲು ಮುರಿಯಲಿಲ್ಲ, ಗೋಡೆ ಕೊರೆಯಲಿಲ್ಲ. ಎಲ್ಲೋ ದೂರದ ಊರಲ್ಲಿ ಕೂತು, ತಂತಿಯ ಹಾದಿಯಲ್ಲಿ ಬಂದ. ಒಂದು ಹಳೆಯ ಕಿಂಡಿ ತೆರೆದೇ ಇತ್ತು. ಅದನ್ನು ಮುಚ್ಚಿಕೊಳ್ಳಿ ಎಂದು ಲೋಕವೆಲ್ಲ ಕೂಗಿ ಎಷ್ಟೋ ಕಾಲವಾಗಿತ್ತು. ಕಳ್ಳ ಒಳಗೆ ಹೋಗಿ ಟಿಕೆಟ್ಟಿನ ಲೆಕ್ಕಕ್ಕೆಲ್ಲ ಬೀಗ ಹಾಕಿ, ಬೀಗದ ಕೈ ಬೇಕಾದರೆ ಹಣ ಕೊಡಿ ಎಂದು ಪರದೆಯ ಮೇಲೆ ಬರೆದ. ನವಿಲು ಮಾಯ! ಇನ್ನೊಂದು ಪ್ರತಿ ಇರಲಿಲ್ಲವೇ ಅನ್ನುತ್ತೀರಿ. ಇತ್ತು, ಅದೇ ಯಂತ್ರದೊಳಗೆ ಇತ್ತು. ತಿಜೋರಿಯ ಎರಡನೇ ಬೀಗದ ಕೈಯನ್ನು ಅದೇ ತಿಜೋರಿಯೊಳಗೆ ಇಟ್ಟು ಬಾಗಿಲು ಒತ್ತಿದ ಹಾಗೆ.

ಯಾವ ಸೀಟು ಯಾರದೆಂದು ಯಾರಿಗೂ ತಿಳಿಯದು. ಈ ಊರಿನವರು ಕೈಯಲ್ಲಿ ಟಿಕೆಟ್ ಬರೆದು ಮಾರಿದರು, ಆ ಊರಿನವರೂ ಬರೆದು ಮಾರಿದರು. ಒಂದೊಂದು ಸೀಟಿಗೆ ಇಬ್ಬರು ಮೂವರು ಒಡೆಯರು. ಬೀಗರ ಊರಿನ ಸ್ಟ್ಯಾಂಡಿನಲ್ಲಿ ಗಲಾಟೆ, ಜನ ಬಸ್ಸು ಹೊರಡಲು ಬಿಡಲಿಲ್ಲ. ಬಾಸಿಂಗ, ಸೂಟ್‌ಕೇಸು ಹಿಡಿದು ಗಂಡಿನ ಕಡೆಯವರು ನೆಲದ ಮೇಲೆ ಕೂತರು.

ಸುದ್ದಿ ಮಂಟಪದಲ್ಲಿದ್ದ ಸಾಹುಕಾರನಿಗೆ ಮುಟ್ಟಿತು. ಭಾವಮೈದುನನಿಗೆ ಫೋನ್ ಮಾಡಿದ. "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ" ಎಂದು ಹೆಣ್ಣುಮಗಳೊಬ್ಬಳು ಮಧುರವಾಗಿ ಹೇಳಿದಳು. ಭಾವಮೈದುನ ಎಲ್ಲಿದ್ದ? ಅದೇ ಮಂಟಪದ ಹಿಂದೆ, ಎರಡನೇ ಸುತ್ತಿನ ಉಪ್ಪಿಟ್ಟಿನಲ್ಲಿ! ಹುಡುಕಿ ಹಿಡಿದು ಕೇಳಿದರೆ, "ಪುಕ್ಕಟೆ ಕೊಟ್ಟೋರ್ನ ಏನಂತ ಕೇಳೋದು ಭಾವಾ?" ಎಂದು ಕೈ ತೊಳೆಯಲು ಹೋದ. ಏಜೆಂಟನಿಗೆ ಫೋನ್ ಮಾಡಿದರೆ ಅವನು ಪಾಪ ಎತ್ತಿದ. "ಸಾರ್, ನಮ್ಮದು ಬೇಡ ಅಂದ್ರಲ್ಲ. ನಿಮ್ಮ ಹತ್ರ ಇರೋದು ಆಯುಷ್ಯ ಮುಗಿದಿರೋದು. ಸತ್ತವರಿಗೆ ಔಷಧಿ ಎಲ್ಲಿಂದ ತರಲಿ?"

ಅಲಂಕಾರ ಮಾಡಿಕೊಂಡಿದ್ದ ಮಗಳು ಕೋಣೆಯ ಬಾಗಿಲಿಗೆ ಬಂದು ಕೇಳಿದಳು. "ಅಪ್ಪಾ, ಅವರು ಬರ್ತಾರಲ್ವಾ?" ಅಷ್ಟೇ ಕೇಳಿದಳು. ಜಗಲಿಯ ಮೇಲೆ ಗಟ್ಟಿ ದನಿಯಲ್ಲಿ ಪ್ರಶ್ನೆ ಕೇಳಿದವನು, ಮಗಳ ಪ್ರಶ್ನೆ ಕೇಳಿ ಕಾರಿನ ಬೀಗದ ಕೈ ಹುಡುಕಿದ.

ಕಾರು ಹತ್ತಿ ಬೀಗರ ಊರಿನ ಸ್ಟ್ಯಾಂಡಿಗೆ ಓಡಿದ. ತಲುಪುವಷ್ಟರಲ್ಲಿ ಬೆಳಗಿನ ಮುಹೂರ್ತ ಮೀರಿತ್ತು. ಹುಡುಗನ ತಂದೆ ಎದ್ದು ಬಂದು ಹೇಳಿದ.

"ಬೀಗ್ರೆ, ನೀವು ನಮ್ಮನೆ ಜಗಲಿ ಮ್ಯಾಲೆ ಒಂದು ಮಾತು ಕೇಳಿದ್ರಿ, ನಾನು ಸಿಟ್ಟಾಗ್ಲಿಲ್ಲ. ಈಗ ನಾನು ಕೇಳ್ತೀನಿ. ನಿಮ್ಮ ಆ ಡಬ್ಬಿಗೆ ಹಿಂದೆ ಮುಂದೆ ಯಾರಿದ್ದಾರೆ? ನಿಮ್ಮ ಬಸ್ಸಲ್ಲೇ ನಮಗೆ ಸೀಟಿಲ್ಲ, ನಿಮ್ಮ ಮನೇಲಿ ನನ್ ಮಗನಿಗೆ ಜಾಗ ಐತೇನ್ರಿ? ನಾವು ವಾಪಸ್ ಹೋಗ್ತೀವಿ."

ಆಗ ಅಜ್ಜಿ ಸೊಂಟ ಹಿಡಿದು ಎದ್ದಳು. "ಹುಡುಗಿ ಏನು ತಪ್ಪು ಮಾಡಿದಾಳೋ? ಸೀರೆ ಉಟ್ಕೊಂಡು ಕಾಯ್ತಾ ಕೂತಿರ್ತಾಳೆ. ಸೀಟಿಲ್ಲದಿದ್ರೆ ನಿಂತ್ಕೊಂಡು ಹೋಗಾಣ, ನಡೀರಿ."

"ಅಮ್ಮಾ, ನನ್ನ ಕಾರಿನಲ್ಲಿ ಕೂತ್ಕೊಳ್ಳಿ," ಎಂದ ಸಾಹುಕಾರ.

"ನನ್ ಹತ್ರ ಟಿಕೆಟ್ ಐತಪ್ಪ, ಅರಿಶಿನ ಹಚ್ಚಿದ್ದು. ಅದೇ ನಂಬರು ಆ ಬಸುರಿ ಹುಡುಗಿ ಹತ್ರನೂ ಐತೆ. ಅವಳು ಕೂತಿರ್ಲಿ."

ಬಸ್ಸಿನಲ್ಲಿದ್ದವರು ತಾಮುಂದು ತಾಮುಂದು ಎಂದು ಎದ್ದು ಸೀಟು ಬಿಟ್ಟರು. ಅಜ್ಜಿ ಒಪ್ಪಲಿಲ್ಲ. "ನಿಮ್ಮ ಸೀಟು ನಿಮ್ಮದು ಕಣ್ರಪ್ಪ. ನನ್ನ ಸೀಟು ಕೊಡೋದು ಬೀಗರ ಕೆಲಸ," ಎಂದಳು. ಆ ಮುದುಕಿ ಕಂಬಿ ಹಿಡಿದು ನಿಂತಳು. ಸಾಹುಕಾರ ಕಾರು ಬಿಟ್ಟು ಅವಳ ಪಕ್ಕದಲ್ಲಿ ನಿಂತ. ತಿರುವು ಬಂದಾಗಲೆಲ್ಲ ಅವಳು ವಾಲಿದಳು, ಅವನು ಕೈ ಚಾಚಿದ. ಅವಳು ಹಿಡಿಯಲಿಲ್ಲ. ದಾರಿಯುದ್ದಕ್ಕೂ ಆ ಮನುಷ್ಯ ಮಗುವಿನ ಹಾಗೆ ಅತ್ತ.

ಕಥೆ ಅಲ್ಲಿಗೆ ಬಿಡುತ್ತೇನೆ. ಏನು? ಮದುವೆ ಆಯಿತೇ ಅಂತ ಕೇಳುತ್ತಿದ್ದೀರಿ! ನೋಡಿ, ಸಿಕ್ಕಿಬಿದ್ದಿರಿ. ಮದುವೆ ಆಯಿತೇ ಎಂದು ಎಲ್ಲರೂ ಕೇಳಿದಿರಿ. ಯಂತ್ರ ಏನಾಯಿತು ಎಂದು ಒಬ್ಬರಾದರೂ ಕೇಳಿದಿರಾ? ಸಾಹುಕಾರನಿಗೂ ನಿಮಗೂ ಏನು ವ್ಯತ್ಯಾಸ, ಹೇಳಿ? ಗೋಧೂಳಿ ಲಗ್ನದಲ್ಲಿ ಮದುವೆ ಆಯಿತು, ಸಮಾಧಾನ ಮಾಡಿಕೊಳ್ಳಿ. ಹುಡುಗಿ ಸುಖವಾಗಿದ್ದಾಳೆ. ಆದರೆ ಅಜ್ಜಿ ನಿಂತೇ ಬಂದಳು. ಅದನ್ನು ಇನ್ನು ಯಾರೂ ತಿದ್ದಲಾರರು.

ಪುಕ್ಕಟೆಯದು ಕೆಟ್ಟದ್ದು ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿಕೊಂಡು ಹೋದರೆ ನನ್ನ ಹೆಸರು ಕೆಡಿಸುತ್ತೀರಿ. ಪುಕ್ಕಟೆ ಬಂದ ಹಸುವಿಗೂ ಹುಲ್ಲು ಹಾಕುವವರು ಬೇಕಲ್ಲ? ಬಲ್ಲವರೊಬ್ಬರು ನಿಮ್ಮ ಆಫೀಸಿನಲ್ಲಿದ್ದರೆ ಪುಕ್ಕಟೆಯದೇ ತನ್ನಿ, ಆಯುಷ್ಯ ಗಟ್ಟಿಯಿರುವುದನ್ನು ತನ್ನಿ. ಇಲ್ಲದಿದ್ದರೆ ಶುಲ್ಕ ಕಟ್ಟಿ, ಕರೆದರೆ ಬರುವವರನ್ನು ಇಟ್ಟುಕೊಳ್ಳಿ. ತರುವ ಮೊದಲು ನಿಮ್ಮ ಲೆಕ್ಕದ ಕೆಲಸವೆಲ್ಲ ಅದರ ಮೇಲೆ ನಡೆಯುತ್ತದೋ ಎಂದು ಪಕ್ಕದ ಇನ್ನೊಂದು ಯಂತ್ರದಲ್ಲಿ ಹಾಕಿ ನೋಡಿ. ಗಂಡನ್ನಂತೂ ಹಾಗೆ ಹಾಕಿ ನೋಡಲಾಗುವುದಿಲ್ಲ. ಇದಕ್ಕೆ ಆಗುತ್ತದೆ, ಆದರೂ ನೋಡುವುದಿಲ್ಲ ನೀವು!

ನಾಳೆ ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತೀರಲ್ಲ, ಹಚ್ಚಿ. ಹಚ್ಚಿದ ಮೇಲೆ ಯಂತ್ರದ ಮುಂದೆ ನಿಂತು ಕೇಳಿ: ನಿನ್ನ ಆಯುಷ್ಯ ಎಂದಿಗೆ ಮುಗಿಯುತ್ತದೆ, ನಿನ್ನ ಹಿಂದೆ ಮುಂದೆ ಯಾರಿದ್ದಾರೆ? ಉತ್ತರ ಗೊತ್ತಿಲ್ಲದಿದ್ದರೆ ಅವತ್ತೇ ಗೊತ್ತಿರುವವರನ್ನು ಕರೆಸಿ. ವಾರಕ್ಕೊಂದು ಹೊತ್ತು ಗೊತ್ತು ಮಾಡಿ, ಬಂದ ಅಪ್‌ಡೇಟ್ ಹಾಕಿ, ಆರಿಸಿ ಹಚ್ಚಿ. ನಿಮ್ಮ ಮನೆಯ ದೀಪಕ್ಕೆ ಬತ್ತಿ ಬದಲಾಯಿಸುವುದಿಲ್ಲವೇ ತಾಯಂದಿರೇ, ಅದು ಅಪಶಕುನವೇ? ಲೆಕ್ಕದ ಒಂದು ಪ್ರತಿಯನ್ನು ಬೇರೆ ಕಡೆ, ಬೇರೆ ಬೀಗದಲ್ಲಿ ಇಡಿ. "ಆಮೇಲೆ" ಎಂಬ ಗುಂಡಿಯ ಮೇಲೆ ಬೆರಳು ಹೋದಾಗಲೆಲ್ಲ ಕಂಬಿ ಹಿಡಿದು ನಿಂತ ಆ ಮುದುಕಿಯನ್ನು ನೆನೆಯಿರಿ. ಅರಿಶಿನ ಹಚ್ಚಿದ ಟಿಕೆಟ್ ಹಿಡಿದು, ನಿಮ್ಮನ್ನು ನಂಬಿ ಬಂದವಳು ಅವಳು.

ಇನ್ನೊಂದು ಮಾತು. ನಮ್ಮ ಮಠದ ಆಫೀಸಿನ ಕಂಪ್ಯೂಟರಿನ ತೂತಿಗೆ ಕುಂಕುಮ ಮೆತ್ತಿದವರು ಯಾರು? ಸಮಿತಿಯವರು ಈಗ ತಲೆಯಾಡಿಸುತ್ತಿಲ್ಲ, ಒಳ್ಳೆಯ ಲಕ್ಷಣ. ಪ್ರಸಾದಕ್ಕೆ ಮೊದಲು ಹೋಗಿ ಒರೆಸಿ ಬನ್ನಿ.