ಜೇಬಿನಲ್ಲಿದ್ದ ಕೈ

ಇವತ್ತಿನ ಬೈಬಲ್ ವಾಚನ ಹಿಡಿದು, ಒಬ್ಬರ ಭಾರ ಒಬ್ಬರು ಹೊರುವುದರ ಬಗ್ಗೆ ಇಷ್ಟು ಹೊತ್ತು ಮಾತಾಡಿದೆ. ಹಿಂದಿನ ಬೆಂಚಿನಲ್ಲಿ ಆಗಲೇ ತೂಕಡಿಕೆ ಶುರುವಾಗಿದೆ, ನನಗೆ ಇಲ್ಲಿಂದ ಎಲ್ಲ ಕಾಣುತ್ತದೆ. ಬೈಯುವುದಿಲ್ಲ. ಬಿಸಿಲು ಹಾಗಿದೆ, ನನಗೂ ದಣಿವಾಗಿದೆ. ಉಪದೇಶ ಸಾಕು, ಒಂದು ಕಥೆ ಹೇಳುತ್ತೇನೆ. ಕಥೆ ಎಂದ ಕೂಡಲೇ ಕಣ್ಣು ಬಿಟ್ಟಿರಲ್ಲ, ಭಲೇ!

ದೂರದ ಒಂದು ದೇಶದಲ್ಲಿ ಒಬ್ಬ ಶ್ರೀಮಂತ ಇದ್ದ. ಅವನಿಗೆ ಹೊಲ ಇರಲಿಲ್ಲ, ಗಿರಣಿ ಇರಲಿಲ್ಲ, ಹಾಸ್ಟೆಲಿನ ಮಂಚದ ಕೆಳಗೆ ಒಂದು ಟ್ರಂಕು ಇತ್ತು, ಅಷ್ಟೇ. ಮತ್ತೆ ಶ್ರೀಮಂತ ಹೇಗೆ? ನೋಡಿ, ಅವನ ಆಸ್ತಿಯೆಲ್ಲ ಅವನ ಬಲಗೈಯಲ್ಲಿತ್ತು. ಅವನು ಬೇಸ್‌ಬಾಲ್ ಆಡುವ ಕಾಲೇಜು ಹುಡುಗ. ದೇಶ ಅಮೆರಿಕ. ನಮಗೆ ಸ್ವಾತಂತ್ರ್ಯ ಬಂದು ಕೆಲವೇ ವರ್ಷವಾಗಿದ್ದ ಕಾಲ ಎಂದುಕೊಳ್ಳಿ. ನಡೆದದ್ದೋ ಕಟ್ಟಿದ್ದೋ ಎಂದು ಕೇಳಬೇಡಿ, ದೃಷ್ಟಾಂತಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ.

ಬೇಸ್‌ಬಾಲ್ ಎಂದರೇನು? ಒಬ್ಬ ಚೆಂಡು ಎಸೆಯುತ್ತಾನೆ, ಎದುರಿನವನು ದೊಣ್ಣೆಯಿಂದ ಹೊಡೆಯುತ್ತಾನೆ. ನಿಮಗೆ ಇಷ್ಟು ತಿಳಿದರೆ ಸಾಕು, ನನಗೂ ಇಷ್ಟೇ ಗೊತ್ತು. ಆದರೆ ಕ್ರಿಕೆಟ್ಟಿನ ಹಾಗೆ ಓವರಿಗೊಬ್ಬ ಬದಲಾಗುವುದಿಲ್ಲ. ಮೈದಾನದ ನಡುವೆ ಮಣ್ಣಿನ ಒಂದು ಸಣ್ಣ ದಿಬ್ಬ ಇರುತ್ತದೆ. ಅದನ್ನು ಹತ್ತಿದವನೇ ಎಸೆಯುತ್ತಿರಬೇಕು. ಎಲ್ಲಿಯವರೆಗೆ? ಕೋಚ್ ನಡೆದುಕೊಂಡು ಬಂದು, ಅಂಗೈ ಚಾಚಿ, ಚೆಂಡು ಇಸಿದುಕೊಳ್ಳುವವರೆಗೆ. ಅದು ಅವರ ಪದ್ಧತಿ. ಕೋಚ್ ಕೈ ಚಾಚಿದರೆ ಚೆಂಡು ಕೊಟ್ಟು ಹೋಗಿ ಕೂತರಾಯಿತು, ಯಾರೂ ಹೇಡಿ ಎನ್ನುವುದಿಲ್ಲ. ಚಾಚದಿದ್ದರೆ ಎಸೆಯುತ್ತಲೇ ಇರಬೇಕು. ಈ ಕೈ ಚಾಚುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ದೇಶದಲ್ಲೆಲ್ಲ ಗೆದ್ದು ಬಂದ ಕಾಲೇಜು ತಂಡಗಳು ಒಂದು ಊರಿನಲ್ಲಿ ಸೇರಿದವು. ಕೊನೆಗೆ ಉಳಿದವರೇ ರಾಷ್ಟ್ರಕ್ಕೆ ಚಾಂಪಿಯನ್. ಆ ಟೂರ್ನಮೆಂಟಿನಲ್ಲಿ ಒಂದು ದಯೆ ಇತ್ತು: ಒಮ್ಮೆ ಸೋತವರಿಗೆ ಇನ್ನೊಂದು ಅವಕಾಶ. ಎರಡನೇ ಸಲ ಸೋತರೆ ಗಂಟುಮೂಟೆ ಕಟ್ಟಬೇಕು. ನಮ್ಮ ಹುಡುಗನ ತಂಡ ಮೊದಲ ಆಟವನ್ನೇ ಸೋತಿತು. ಅವತ್ತು ಎಸೆದವನು ಇವನಲ್ಲ, ಬೇರೆ ಹುಡುಗ. ಅಷ್ಟೇ, ಕೋಚ್ ಆ ಹುಡುಗನ ಮುಖ ನೋಡುವುದನ್ನೇ ಬಿಟ್ಟ. ನೋಡಿ, ಎರಡನೇ ಅವಕಾಶವನ್ನು ಟೂರ್ನಮೆಂಟ್ ಕೊಟ್ಟಿತು, ಕೋಚ್ ಕೊಡಲಿಲ್ಲ.

ಅಲ್ಲಿಂದ ಮುಂದೆ ಬೆಳಗಾದರೆ ಆಟ, ಆಟವಾದರೆ ನಮ್ಮ ಹುಡುಗನ ಅದೇ ಬಲಗೈ. ನಿನ್ನೆ ಎಸೆದ ಕೈಯೇ ಇವತ್ತೂ, ಇವತ್ತು ಎಸೆದ ಕೈಯೇ ನಾಳೆಯೂ. ಯಾಕೆ? ಅವನು ಒಲ್ಲೆ ಎನ್ನುವವನಲ್ಲ, ಅದಕ್ಕೆ. ಮೆತ್ತಗಿದ್ದವನಿಗೆ ಮತ್ತೊಂದು ಗುದ್ದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೇ?

ನಮ್ಮ ಹುಡುಗನಿಗೆ ಒಂದೇ ಒಂದು ಆಸೆ ಇತ್ತು. ಕಾಲೇಜು ಮುಗಿದ ಮೇಲೂ ಆಡಬೇಕು, ಆಡಿಯೇ ಬದುಕಬೇಕು. ದೊಡ್ಡ ತಂಡವೊಂದರ ಮನುಷ್ಯ ಅವನನ್ನು ನೋಡಲೆಂದೇ ಬಂದು ಗ್ಯಾಲರಿಯಲ್ಲಿ ಕೂತಿದ್ದ. ಕೈ ಉಳಿದರೆ ಅವನ ಜೊತೆ ಹೋಗಬಹುದು. ಕೈ ಹೋದರೆ ಎಲ್ಲವೂ ಹೋಯಿತು.

ಹಾಗೆ ಗೆಲ್ಲುತ್ತ ಗೆಲ್ಲುತ್ತ ಫೈನಲ್ ಬಂತು. ಅರ್ಧ ಆಟವಾಗಿತ್ತು. ಇವನು ಎಸೆದ ಚೆಂಡನ್ನು ಹಿಡಿಯುವ ಗೆಳೆಯನೊಬ್ಬ ಇದ್ದ, ಅವನು ದಿಬ್ಬಕ್ಕೆ ಬಂದು ಪಿಸುಗುಟ್ಟಿದ. ಅವರು ಆಡಿದ್ದು ಇಂಗ್ಲಿಷು, ನಾನು ನಮ್ಮ ಬೆಟಗೇರಿ ಮಾತಿನಲ್ಲೇ ಹೇಳುತ್ತೇನೆ.

“ಏ, ನಿನ್ನ ಚೆಂಡು ಹಿಡದ್ರ ನನ್ನ ಅಂಗೈ ಉರೀತಿತ್ತು. ಇವತ್ತ ಉರೀವಲ್ದು. ನಿನ್ನ ಕೈಯಾಗ ಏನೂ ಉಳಿದಿಲ್ಲೋ. ಸರ್‌ಗ ಹೇಳಿಬಿಡು.”

“ಫೈನಲ್‌ದಾಗ ಹೆಂಗ ಹೇಳ್ಲೋ? ಅವ್ರು ಕೈ ಚಾಚಿದ್ರ ಸಾಕು, ಕೊಟ್ಟು ಬರ್ತೀನಿ.”

ಸ್ವಲ್ಪ ಹೊತ್ತಿಗೆ ಕೋಚ್ ಎದ್ದ. ಅಗಾ, ಎದ್ದ! ದಿಬ್ಬದ ಕಡೆಗೇ ಬಂದ. ಅತ್ತ ಬೆಂಚಿನಲ್ಲಿ, ಮೊದಲ ದಿನ ಸೋತ ಹುಡುಗ ಗ್ಲೌಸು ಹಾಕಿಕೊಂಡು ತಾನೂ ಎದ್ದು ನಿಂತ. ಕೋಚ್ ಹೇಗೆ ಬಂದ ಗೊತ್ತೇ? ಪ್ಯಾಂಟಿನ ಹಿಂದಿನ ಜೇಬುಗಳಲ್ಲಿ ಎರಡೂ ಕೈ ತುರುಕಿಕೊಂಡು ಬಂದ.

“ಏನಪಾ, ಆಗತೈತಲ್ಲ?”

ಹುಡುಗ ಅವನ ಮುಖ ನೋಡಲಿಲ್ಲ, ಮೊಣಕೈ ನೋಡಿದ. ಆ ಕೈ ಈಗ ಹೊರಗೆ ಬಂದೀತು, ಈಗ ಬಂದೀತು ಎಂದು ಕಾದ. ಬರಲಿಲ್ಲ.

“ಆಗತೈತ್ರಿ ಸರ್.”

“ಶಾಭಾಸ್! ನನಗ ಗೊತ್ತಿತ್ತು ನೀ ಒಲ್ಲೆ ಅನ್ನಂಗಿಲ್ಲ ಅಂತ.” ಅಷ್ಟು ಹೇಳಿ ಕೋಚ್ ತಿರುಗಿ ಹೊರಟ. ಬೆಂಚಿನ ಹುಡುಗ ಗ್ಲೌಸು ಬಿಚ್ಚಿ ಕೂತುಕೊಂಡ.

ಸೋತರು ಅಂದುಕೊಂಡಿರಾ? ಇಲ್ಲ, ಗೆದ್ದರು. ಸೋತಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಕೊನೆಯ ಚೆಂಡು ಕೈಬಿಟ್ಟಾಗ ಹುಡುಗನ ಮೊಣಕೈಯೊಳಗೆ ಏನೋ ಹರಿದ ಹಾಗಾಯಿತು. ಅದು ಯಾರಿಗೂ ಕೇಳಿಸಲಿಲ್ಲ, ಅಷ್ಟು ಗದ್ದಲ. ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನು ಎಡಗೈ ಬೀಸಿದ. ಬಲಗೈ ಜೋತುಬಿದ್ದಿತ್ತು. ಗ್ಯಾಲರಿಯಲ್ಲಿ ಕೂತಿದ್ದ ಮನುಷ್ಯ ಅದನ್ನು ನೋಡಿದ, ಟೋಪಿ ಹಾಕಿಕೊಂಡು ಎದ್ದುಹೋದ.

ಸಂಜೆ ವಿಜಯದ ಊಟ. ಮೇಜಿನ ನಡುವೆ ಗೆದ್ದ ಕಪ್ ಹೊಳೆಯುತ್ತಿತ್ತು. ಹುಡುಗನಿಗೆ ಚಮಚ ಎತ್ತಲಾಗಲಿಲ್ಲ, ಆ ಗೆಳೆಯ ಪಕ್ಕದಲ್ಲಿ ಕೂತು ತಿನ್ನಿಸುತ್ತಿದ್ದ. ಆಗ ಕೋಚ್ ಅದನ್ನು ಕಂಡ. ಕಂಡವನೇ ತನ್ನ ಊಟ ಬಿಟ್ಟು ಎದ್ದುಬಂದ.

“ಅಯ್ಯ ಹುಚ್ಚಪ್ಪಾ! ಒಂದ್ ಮಾತ ಹೇಳಬಾರದಾಗಿತ್ತೇನೋ? ನಾ ಬಂದು ಕೇಳ್ಲಿಲ್ಲೇನು ನಿನ್ನ?”

“ಕೇಳಿದ್ರಿ ಸರ್,” ಎಂದ ಹುಡುಗ. “ಕೈ ಚಾಚಲಿಲ್ಲ.”

ಆ ಕೈ ಮತ್ತೆಂದೂ ಚೆಂಡು ಎಸೆಯಲಿಲ್ಲ.

ಈಗ ಹೇಳಿ, ಆ ಕೋಚ್ ಕೆಟ್ಟವನೇ? ಅಲ್ಲ. ಹುಡುಗನನ್ನು ಮಗನ ಹಾಗೆ ಕಂಡಿದ್ದ. ಅದೇ ನನಗೆ ಸಂಕಟ. ಕೆಟ್ಟವನಾಗಿದ್ದರೆ ನೀವೂ ನಾನೂ ನಿಶ್ಚಿಂತೆಯಿಂದ ಮನೆಗೆ ಹೋಗಬಹುದಿತ್ತು.

ನಿಮ್ಮ ಮನೆಗಳಿಗೆ ಬರುತ್ತೇನಲ್ಲ, ನಾನು ನೋಡಿಲ್ಲವೇ? ನಾಲ್ಕು ಜನ ಮಕ್ಕಳಿರುತ್ತಾರೆ, ಹಾಸಿಗೆ ಹಿಡಿದ ತಾಯಿಯನ್ನು ಎತ್ತಿ ಕೂರಿಸುವವಳು ಒಬ್ಬಳೇ. ಅವಳನ್ನು ಯಾರೂ ಕೇಳುವುದಿಲ್ಲ ಎನ್ನಲಾರೆ. ಕೇಳುತ್ತೀರಿ, ಫೋನಿನಲ್ಲಿ ಕೇಳುತ್ತೀರಿ: “ಯಕ್ಕಾ, ನಿನಗ ಆಗತೈತಲ್ಲ?” ಅವಳು ಏನೆನ್ನಬೇಕು? ಉತ್ತರವನ್ನೂ ನೀವೇ ಒಳಗಿಟ್ಟು ಕೇಳಿದರೆ ಅದು ಪ್ರಶ್ನೆಯೇ? ಜೇಬಿನಲ್ಲಿ ಕೈ ಇಟ್ಟುಕೊಂಡು ಕೇಳಿದ್ದನ್ನು ಕೇಳಿದ್ದು ಎನ್ನುತ್ತಾರೆಯೇ?

ಮನೆ ಬಿಡಿ, ಈ ಸಭೆಯನ್ನೇ ನೋಡೋಣ. ಇವತ್ತು ಆರಾಧನೆ ಮುಗಿದ ಮೇಲೆ ನಮಗೆಲ್ಲ ಪ್ರೀತಿಭೋಜನ. ಅಡುಗೆ ಯಾರದು? ಸುವಾರ್ತಕ್ಕನದು. ಹೋದ ಸಲ ಯಾರದು? ಸುವಾರ್ತಕ್ಕನದು. ಸುಗ್ಗಿ ಹಬ್ಬಕ್ಕೂ ಅವರೇ, ಕ್ರಿಸ್ಮಸ್ಸಿಗೂ ಅವರೇ. ಕಮಿಟಿ ಮುಗಿಸಿ ಎದ್ದು ಚಪ್ಪಲಿ ಮೆಟ್ಟುತ್ತ, ಹಿರಿಯರು ಬಾಗಿಲಿಂದಲೇ ಒಂದು ಮಾತು ಒಗೆಯುತ್ತಾರೆ: “ಅಕ್ಕಾರ, ನಿಮಗ ಆಗತೈತಲ್ರಿ?” ಅಕ್ಕ ಎನ್ನುತ್ತಾರೆ: “ಆಗತೈತ್ರಿ.” ಇನ್ನೊಬ್ಬ ಹೆಣ್ಣುಮಗಳು ಒಮ್ಮೆ ಸಾರಿಗೆ ಉಪ್ಪು ಹೆಚ್ಚು ಮಾಡಿದಳೆಂದು ಅವಳನ್ನು ಮತ್ತೆ ಒಲೆಯ ಹತ್ತಿರ ಬಿಟ್ಟಿಲ್ಲ ನಾವು. ಅವಳು ಇಲ್ಲೇ ಕೂತಿದ್ದಾಳೆ. ತಲೆ ತಗ್ಗಿಸಬೇಡವ್ವಾ, ಉಪ್ಪು ಯಾರ ಕೈಯಲ್ಲೂ ಹೆಚ್ಚಾಗುತ್ತದೆ.

ಸುವಾರ್ತಕ್ಕನ ಹೆಸರು ಹೇಳಿದೆ, ಅವರಿಗೆ ನಾಚಿಕೆಯಾದೀತು ಎಂದು ಹಿಂದೆ ತಿರುಗಿ ನೋಡುತ್ತಿದ್ದೀರಿ. ಎಲ್ಲಿದ್ದಾರೆ? ಇಲ್ಲ. ಇವತ್ತಿನ ವಾಚನವನ್ನೂ ಅವರು ಕೇಳಿಲ್ಲ, ಈ ಕಥೆಯನ್ನೂ ಕೇಳಿಲ್ಲ. ಬೆಳಗಿನಿಂದ ಹಿತ್ತಿಲ ಒಲೆಯ ಮುಂದೆ ಇದ್ದಾರೆ. ಭಾರ ಹೊರುವುದರ ಬಗ್ಗೆ ನಾನು ನಿಮಗೆ ಹೇಳುತ್ತ ನಿಂತಿದ್ದೇನೆ, ಹೊರುವವರು ಗೋಡೆಯ ಆಚೆ ಇದ್ದಾರೆ. ಏನು ಹೇಳಲಿ ನಾನು?

ನಾಳೆಯಿಂದ ಎನ್ನಬೇಡಿ. ಈ ಬಾಗಿಲು ದಾಟಿದ ಕೂಡಲೇ ಎಲೆಯ ಮುಂದೆ ಹೋಗಿ ಕೂರಬೇಡಿ, ಹಿತ್ತಿಲಿಗೆ ಹೋಗಿ. ಹೋಗಿ “ಆಗತೈತೇನು” ಎಂದು ಮಾತ್ರ ಕೇಳಬೇಡಿ, ದಯವಿಟ್ಟು. ಏನೂ ಮಾತಾಡಬೇಡಿ. ಅವರ ಮುಂದೆ ನಿಂತು, ಸೌಟಿಗೆ ಕೈ ಚಾಚಿ. ಸಾಯಂಕಾಲ ಮನೆಗೆ ಹೋದ ಮೇಲೆ ಅಲ್ಲಿಯೂ ಹಾಗೇ ಮಾಡಿ.

ಏಳಿ. ಪ್ರಾರ್ಥನೆ ಚಿಕ್ಕದು ಮಾಡುತ್ತೇನೆ. ಅಲ್ಲಿ ಅನ್ನ ಬಸಿಯುವ ಹೊತ್ತಾಗಿದೆ, ಆ ಹಂಡೆ ಒಬ್ಬರೇ ಎತ್ತುವಂಥದ್ದಲ್ಲ.